ಫ್ಯಾಮಿಲಿಸರ್ಚ್: ಮರ ಬಿಡಿ, ಕಡತ ಹಿಡಿಯಿರಿ

ಅಮೆರಿಕದ ಹಳೇ ಮನೆತನವೊಂದರ ವಂಶಾವಳಿಯನ್ನು ದಾವಣಗೆರೆಯಲ್ಲಿ ಕೂತು ತೆಗೆಯುವುದು ಅಂದರೆ ಕೆಲವರಿಗೆ ನಗು ಬರಬಹುದು. ಆದರೆ ಸೊಸೆ ಅಲ್ಲಿಯವಳಾದ ಮನೆಗಳಿವೆ, ಹೊರದೇಶದವರಿಗೆ ಹಳೇ ಕೈಬರಹ ಓದಿ ಟೈಪ್ ಮಾಡಿಕೊಡುವ ಕೆಲಸ ಹಿಡಿಯುವವರೂ ಇದ್ದಾರೆ. ಅಂಥವರಿಗೆಲ್ಲ ಮೊದಲು ಸಿಗುವ ಬಾಗಿಲು ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟು. ಪೂರ್ತಿ ಉಚಿತ, ಇಮೇಲ್ ಕೊಟ್ಟು ಖಾತೆ ತೆರೆದರೆ ಸಾಕು. ನಡೆಸುವುದು ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚು. 1894ರಲ್ಲಿ ಶುರುವಾದ ಇವರ ಸಂಸ್ಥೆ 1938ರಿಂದ ದಾಖಲೆಗಳನ್ನು ಮೈಕ್ರೊಫಿಲ್ಮಿಗೆ ಇಳಿಸುತ್ತ ಬಂದಿತು. ಆ 24 ಲಕ್ಷ ಸುರುಳಿಗಳ ಸ್ಕ್ಯಾನಿಂಗ್ 2021ರಲ್ಲಿ ಮುಗಿದಿದೆ.

ಇದರೊಳಗೆ ಎರಡು ಬೇರೆಬೇರೆ ಅಂಗಡಿಗಳಿವೆ ಅಂತ ತಿಳಿಯಿರಿ. ಒಂದು, ಎಲ್ಲರೂ ಸೇರಿ ಬರೆಯುವ ‘ಫ್ಯಾಮಿಲಿ ಟ್ರೀ’. ಇನ್ನೊಂದು, ಮೂಲ ಕಡತಗಳ ಫೋಟೊ. ಹೊಸಬರು ಮೊದಲನೆಯದರಲ್ಲೇ ಮುಳುಗುತ್ತಾರೆ, ಯಾಕೆಂದರೆ ಹೆಸರು ಹಾಕಿದ ತಕ್ಷಣ 1600ನೇ ಇಸವಿಯವರೆಗೂ ತಾತ ಮುತ್ತಾತಂದಿರು ಸಾಲಾಗಿ ಬಂದು ನಿಲ್ಲುತ್ತಾರೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಬರುವ ಹೆಳವರು ಬಾಯಲ್ಲಿ ಹೇಳಿದ್ದಕ್ಕೆ ತಮ್ಮ ಪುಸ್ತಕವನ್ನಾದರೂ ಬಿಚ್ಚಿ ತೋರಿಸುತ್ತಾರೆ. ಈ ಮರದಲ್ಲಿ ಅಷ್ಟೂ ಇರುವುದಿಲ್ಲ. ಯಾರು ಬೇಕಾದರೂ ತಿದ್ದಬಹುದು, ಒಂದೇ ಹೆಸರಿನ ಇಬ್ಬರನ್ನು ಒಬ್ಬನನ್ನಾಗಿ ಮಾಡಿಬಿಡಬಹುದು. ಪ್ರತಿ ಹೆಸರಿನ ‘ಸೋರ್ಸಸ್’ ವಿಭಾಗ ತೆರೆದು ನೋಡಿ. ಅದು ಖಾಲಿ ಇದ್ದರೆ, ಅಥವಾ ಬೇರೊಬ್ಬರ ಮರವನ್ನೇ ಸಾಕ್ಷಿ ಅಂತ ತೋರಿಸಿದ್ದರೆ ಆ ಕೊಂಬೆಯನ್ನು ಅಲ್ಲಿಗೇ ಬಿಡಿ. ಹಳೇ ಕಾಗದದಲ್ಲಿ ‘ಸೀನಿಯರ್’, ‘ಜೂನಿಯರ್’ ಅಂತ ಇದ್ದರೆ ಅಪ್ಪ ಮಗ ಅಂತಲೂ ಹಿಡಿಯಬೇಡಿ. ಒಂದೇ ಊರಿನ ದೊಡ್ಡ ಬಸಪ್ಪ, ಸಣ್ಣ ಬಸಪ್ಪ ಇದ್ದಂತೆ ಅದು. ದೊಡ್ಡವನು ತೀರಿಕೊಂಡರೆ ಸಣ್ಣವನೇ ಸೀನಿಯರ್ ಆಗುತ್ತಿದ್ದ.

ಕಡತದ ಕಡೆಗೆ ಬಂದರೆ, ಕೆಲಸ ಕೆಡುವುದು ಹೆಸರಿನಿಂದಲ್ಲ, ಗಡಿಯಿಂದ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಹಿಂದೆ ಜಗಳೂರು, ಹರಿಹರ ಚಿತ್ರದುರ್ಗಕ್ಕೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ಬಂದು 2018ರಲ್ಲಿ ಅಲ್ಲಿಗೇ ವಾಪಸ್ ಹೋಯಿತು. ಅಮೆರಿಕದ ಕೌಂಟಿಗಳದ್ದೂ ಇದೇ ಹಾಡು. ಕೆಂಟಕಿಯಲ್ಲಿ ಒಂದೇ ಹೊಲ ಉಳುತ್ತಿದ್ದವನ ಕಾಗದ 1772ರ ನಂತರ ವರ್ಜೀನಿಯದ ಫಿನ್‌ಕ್ಯಾಸಲ್ ಕೌಂಟಿಯಲ್ಲಿ, 1776ರ ಕೊನೆಯಿಂದ ಕೆಂಟಕಿ ಕೌಂಟಿಯಲ್ಲಿ, 1780ರಿಂದ ಫಯೆಟ್, ಲಿಂಕನ್, ಜೆಫರ್ಸನ್ ಈ ಮೂರರಲ್ಲಿ ಒಂದರಲ್ಲಿ ಇರುತ್ತದೆ. 1792ರಲ್ಲಿ ಕೆಂಟಕಿಯೇ ಬೇರೆ ರಾಜ್ಯ ಆಯಿತು. ಆತ ಮನೆ ಬಿಟ್ಟು ಕದಲಿಲ್ಲ, ಕಚೇರಿ ಕದಲಿತು. ಆದ್ದರಿಂದ ಹುಡುಕುವ ಮೊದಲು ಆ ಕೌಂಟಿ ಯಾವ ವರ್ಷ, ಯಾವುದರಿಂದ ಒಡೆದು ಆಯಿತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹುಟ್ಟಿದ ಸ್ಥಳ ಅಂತ ಕೊಟ್ಟ ಕೌಂಟಿ ಆ ವರ್ಷ ಇರಲೇ ಇಲ್ಲ ಅಂದರೆ, ಬರೆದವರು ಮೂಲ ಕಾಗದ ನೋಡಿಲ್ಲ ಅಂತಲೇ ಅರ್ಥ.

ಈ ಸೈಟಿನ ನಿಜವಾದ ಬೆಲೆ ಇರುವುದು ‘ಕ್ಯಾಟಲಾಗ್’ನಲ್ಲಿ. ಮೊದಲ ಪುಟದ ಹೆಸರಿನ ಹುಡುಕಾಟದಲ್ಲಿ ಬರುವುದು ಸೂಚಿ ಮಾಡಿದ ದಾಖಲೆ ಮಾತ್ರ. ಬಹಳಷ್ಟು ಕಡತಕ್ಕೆ ಫೋಟೊ ಇದೆ, ಸೂಚಿ ಇಲ್ಲ. ಕ್ಯಾಟಲಾಗಿನಲ್ಲಿ ಸ್ಥಳ ಹಾಕಿ, ‘ಲ್ಯಾಂಡ್ ಅಂಡ್ ಪ್ರಾಪರ್ಟಿ’ ತೆರೆಯಿರಿ. ಕ್ರಯಪತ್ರಗಳಿಗೆ ಎರಡು ಸೂಚಿ ಪುಸ್ತಕ ಇರುತ್ತವೆ: ‘ಗ್ರ್ಯಾಂಟರ್’ ಅಂದರೆ ಬರೆದುಕೊಟ್ಟವರು, ‘ಗ್ರ್ಯಾಂಟೀ’ ಅಂದರೆ ಬರೆಸಿಕೊಂಡವರು. ಎರಡನ್ನೂ ನೋಡಬೇಕು. ಒಂದು ಜಮೀನು ಮಾರಿದ್ದು ಸಿಕ್ಕಿ ಕೊಂಡದ್ದು ಸಿಗದಿದ್ದರೆ ಅದು ಪಿತ್ರಾರ್ಜಿತ ಇರಬಹುದು. ಆಗ ವಿಲ್ ಪುಸ್ತಕಕ್ಕೆ ಹೋಗಿ. ಸೂಚಿಯಲ್ಲಿ ಕೊಟ್ಟ ಪುಟಸಂಖ್ಯೆಯೇ ಫೋಟೊ ಸಂಖ್ಯೆ ಅಲ್ಲ. ಒಂದು ಫೋಟೊದಲ್ಲಿ ಎರಡು ಪುಟ ಇದ್ದರೆ 212ನೇ ಪುಟ 106ರ ಆಸುಪಾಸು ಬರಬೇಕು, ಮುಂದಿನ ರಟ್ಟು, ಸೂಚಿ ಹಾಳೆಗಳು ಸೇರಿ ಇನ್ನಷ್ಟು ಮುಂದೆ. ಒಂದೇ ಸುರುಳಿಯಲ್ಲಿ ಎರಡು ಮೂರು ಪುಸ್ತಕ ಸೇರಿರುವುದೂ ಉಂಟು. ‘ಐಟಂ’ ಸಂಖ್ಯೆ ನೋಡದೆ ತಪ್ಪು ಪುಸ್ತಕದ 212ನೇ ಪುಟ ಓದಿ ಹೆಸರೇ ಇಲ್ಲ ಅಂದುಕೊಳ್ಳುವವರು ಬಹಳ.

ಪತ್ರ ಸಿಕ್ಕಿದ ಮೇಲೆ ಚೆಕ್ಕುಬಂದಿ ಬಿಡಬೇಡಿ. ಅಕ್ಕಪಕ್ಕದ ಹೊಲದವರು, ಸಾಕ್ಷಿ ಹಾಕಿದವರು, ಹಲವು ಸಲ ಹೆಂಡತಿಯ ತವರಿನವರೇ ಆಗಿರುತ್ತಾರೆ. ಮದುವೆಯಾದ ಹೆಣ್ಣಿನ ಹುಟ್ಟುಹೆಸರು ಕ್ರಯಪತ್ರದಲ್ಲಿ ಬರುವುದು ಅಪರೂಪ, ಆದರೆ ಗಂಡ ಜಮೀನು ಮಾರುವಾಗ ಆಕೆ ತನ್ನ ‘ಡೋವರ್’ ಹಕ್ಕು, ಅಂದರೆ ವಿಧವೆಯಾದರೆ ಗಂಡನ ಜಮೀನಿನಲ್ಲಿ ಸಿಗಬೇಕಾದ ಪಾಲು, ಬಿಟ್ಟುಕೊಟ್ಟ ಷರಾದಲ್ಲಿ ಆಕೆಯ ಮೊದಲ ಹೆಸರು ಸಿಗುತ್ತದೆ. ಅಳತೆ ನೋಡಿ ಗಾಬರಿ ಬೇಡ. ಒಂದು ಪೋಲ್ ಹದಿನಾರೂವರೆ ಅಡಿ. ಎರಡು ಪೋಲ್ ಸೇರಿದರೆ 33 ಅಡಿ, ನಮ್ಮ ಗುಂಟೆಯ ಒಂದು ಪಕ್ಕ.

ಅಮೆರಿಕದ ಜನಗಣತಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಇದೆ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಕಾಲಂನಲ್ಲಿ ಬರೀ ಎಣಿಕೆ. ಮನೆಯ ಎಲ್ಲರ ಹೆಸರು ಬರುವುದು 1850ರಿಂದ, ಅದೂ ಸ್ವತಂತ್ರರದ್ದು. ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ಯಜಮಾನನಿಗೆ ಏನಾಗಬೇಕು ಅನ್ನುವ ಕಾಲಂ 1880ಕ್ಕೆ ಬಂತು. ಹಾಗಾಗಿ 1850ರಲ್ಲಿ ಒಂದೇ ಮನೆಯಲ್ಲಿ ಇದ್ದವರನ್ನೆಲ್ಲ ಗಂಡ ಹೆಂಡತಿ ಮಕ್ಕಳು ಅಂತ ಬರೆದುಬಿಡಬೇಡಿ. 1890ರದ್ದು ಬಹುತೇಕ ನಾಶವಾಗಿದೆ, 1921ರ ಬೆಂಕಿಯಿಂದಾಗಿ.

ಹೆಸರಿಲ್ಲದ ಆ ಅರವತ್ತು ವರ್ಷಕ್ಕೆ ಒಳ್ಳೆಯ ಊರುಗೋಲು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಿಂಚಣಿ ಕಡತಗಳು. 1832ರ ಕಾಯ್ದೆಯ ಪ್ರಕಾರ ಮುದಿ ಸಿಪಾಯಿಗಳು ಕೋರ್ಟಿನಲ್ಲಿ ಪ್ರಮಾಣ ಮಾಡಿ ಎಲ್ಲಿ ಹುಟ್ಟಿದ್ದು, ಯಾರ ಕೈಕೆಳಗೆ ಸೇವೆ ಅಂತ ಹೇಳಬೇಕಿತ್ತು. ವಿಧವೆಯರು ಮದುವೆ ಸಾಬೀತು ಮಾಡಲು ಮನೆಯ ಬೈಬಲ್ಲಿನ ಹಾಳೆ ಹರಿದೇ ಲಗತ್ತಿಸಿದ್ದುಂಟು. ಮಕ್ಕಳೆಲ್ಲರ ಜನ್ಮದಿನ ಆ ಒಂದು ಹಾಳೆಯಲ್ಲಿ ಸಿಕ್ಕರೆ ತಿಂಗಳ ಕೆಲಸ ಒಂದು ಸಂಜೆಗೆ ಮುಗಿದಂತೆ.

1752ಕ್ಕೂ ಹಿಂದಿನ ತಾರೀಕು ಓದುವಾಗ ಎಚ್ಚರ. ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚೂಕಮ್ಮಿ ನಮ್ಮ ಯುಗಾದಿ ಹೊತ್ತಿಗೆ. ಮೇ 1740ರಲ್ಲಿ ಮದುವೆ, ಫೆಬ್ರವರಿ 1740ರಲ್ಲಿ ಮಗು ಅಂತಿದ್ದರೆ ಯಾರ ಮಾನವನ್ನೂ ಕಳೆಯಬೇಡಿ, ಮಗು ಹುಟ್ಟಿದ್ದು ಒಂಬತ್ತು ತಿಂಗಳ ನಂತರವೇ. ನೀವು ಬರೆಯುವಾಗ 1740/41 ಅಂತ ಎರಡೂ ಹಾಕಿ.

2024ರಲ್ಲಿ ಬಂದ ‘ಫುಲ್ ಟೆಕ್ಸ್ಟ್’ ಹುಡುಕಾಟ ಈ ಸೈಟಿಗೆ ಆದ ದೊಡ್ಡ ಉಪಕಾರ. ಕೈಬರಹವನ್ನು ಕಂಪ್ಯೂಟರೇ ಓದಿಟ್ಟಿರುವುದರಿಂದ ಪಕ್ಕದ ಹೊಲದವನಾಗಿ, ಸಾಕ್ಷಿಯಾಗಿ ಬಂದ ಹೆಸರೂ ಸಿಗುತ್ತದೆ. ಬೇಕೇ ಬೇಕಾದ ಪದದ ಮುಂದೆ ಕೂಡುವ ಚಿಹ್ನೆ ಹಾಕಿ, ಪೂರ್ತಿ ಹೆಸರಿಗೆ ಉದ್ಧರಣ ಚಿಹ್ನೆ. ಆದರೆ ಹಳೇ ಉದ್ದ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ, ‘ಜೆಸ್ಸಿ’ಯನ್ನು ಯಂತ್ರ ‘ಜೆಫ್ಸಿ’ ಅಂತ ಓದೀತು, ಅದನ್ನೂ ಹುಡುಕಿ. ‘ಜೆ ಎನ್ ಒ’ ಅಂತ ಮೂರೇ ಅಕ್ಷರ ಕಂಡರೆ ಅದು ಜಾನ್, ಜೊನಾಥನ್ ಅಲ್ಲ.

ಅಡ್ಡಿ ಅಂದರೆ ಬೀಗ. ಕ್ಯಾಮೆರಾ ಗುರುತಿನ ಮೇಲೆ ಕೀಲಿ ಇದ್ದ ಫೋಟೊಗಳು ಅವರ ಕೇಂದ್ರದ ಅಥವಾ ಸಹಯೋಗಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತವೆ. ಇಲ್ಲಿ ಕೂತವರು ಅಂಥ ಕಡೆ ಆಯಾ ರಾಜ್ಯದ ಗ್ರಂಥಾಲಯದ ಸೈಟು ನೋಡಬೇಕು; ವರ್ಜೀನಿಯದ ಜಮೀನು ಮಂಜೂರಾತಿ ಕಾಗದಗಳು ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ಪುಕ್ಕಟೆ ಇವೆ. ಮೊಬೈಲಿನಲ್ಲಿ ಈ ಕೆಲಸ ಆಗದು, ದೊಡ್ಡ ಪರದೆಯೇ ಬೇಕು.

ಅಂಕ ಕೊಡಬೇಕೆಂದರೆ ಕಡತಕ್ಕೆ 5ಕ್ಕೆ 5, ಮರಕ್ಕೆ 2. ಫೋಟೊ ಇಳಿಸಿಕೊಂಡಾಗ ಕೌಂಟಿ, ಪುಸ್ತಕ, ಪುಟ, ಸುರುಳಿ ಸಂಖ್ಯೆ, ಫೋಟೊ ಸಂಖ್ಯೆ ಐದನ್ನೂ ಫೈಲಿನ ಹೆಸರಿನಲ್ಲೇ ಬರೆದು ಉಳಿಸಿ.