ಕತ್ತರಿ ಹಿಡಿಯುವ ಮೊದಲು ನನ್ನ ಸೀರೆ ನೋಡಿದ ಪಾರ್ಲರ್

ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಟೈಲರ್ ಅಂಗಡಿಯ ಮಹಡಿ ಮೇಲೆ, ಎರಡೇ ಕುರ್ಚಿ ಇರುವ ಚಿಕ್ಕ ಲೇಡೀಸ್ ಪಾರ್ಲರ್ ಇದೆ. ಆರು ವಾರದ ಹಿಂದೆ ಅಲ್ಲಿ ಕೂದಲು ಕಟ್ ಮಾಡಿಸಿಕೊಂಡೆ. ಅವತ್ತೇ ಇದನ್ನು ಬರೆಯಬಹುದಿತ್ತು, ಬೇಕಂತಲೇ ಬರೆಯಲಿಲ್ಲ. ಪಾರ್ಲರ್‌ನಿಂದ ಹೊರಗೆ ಬರುವಾಗ ಎಲ್ಲರ ಕೂದಲೂ ಚೆನ್ನಾಗಿಯೇ ಇರುತ್ತದೆ. ನಿಜ ಗೊತ್ತಾಗುವುದು ಮನೆಯಲ್ಲಿ ತಲೆಸ್ನಾನ ಮಾಡಿ, ಡಬ್ಬಿ ಕಟ್ಟಿ, ಸೆರಗಿಗೆ ಪಿನ್ ಹಾಕಿ, ಹೆಲ್ಮೆಟ್ ತೊಟ್ಟು ಕೆಲಸಕ್ಕೆ ಹೊರಟಾಗ.

ನನ್ನ ಬಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಅದಿಲ್ಲದೆ ಈ ರಿವ್ಯೂ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಾರಕ್ಕೆ ನಾಲ್ಕು ದಿನ ಕಾಟನ್ ಸೀರೆ, ಅದೂ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದು. ಎರಡು ದಿನ ಕಾಲರ್ ಇರುವ ಕುರ್ತಾ. ಕೂದಲು ಅಲೆಅಲೆಯಾಗಿದೆ, ಪೂರ್ತಿ ಗುಂಗುರೂ ಅಲ್ಲ, ನೆಟ್ಟಗೂ ಇಲ್ಲ. ಓಡಾಟ ಸ್ಕೂಟರ್‌ನಲ್ಲಿ. ಹಬ್ಬದ ದಿನ ಮಲ್ಲಿಗೆ ಮುಡಿಯದೆ ನನಗೆ ಹಬ್ಬ ಅನಿಸುವುದೇ ಇಲ್ಲ.

ಹೋದ ವರ್ಷ ಒಂದು ದೊಡ್ಡ ಸಲೂನ್‌ಗೆ ಹೋಗಿದ್ದೆ, ಹೆಸರು ಬೇಡ. ಫೋನಿನಲ್ಲಿ ಒಂದು ಫೋಟೊ ತೋರಿಸಿದೆ, ಭುಜದವರೆಗೆ ಬರುವ ಲೇಯರ್ ಕಟ್, ಅಂದರೆ ಮೇಲಿನ ಕೂದಲು ಗಿಡ್ಡ, ಕೆಳಗಿನದು ಉದ್ದ. ಅಲ್ಲಿನ ಹುಡುಗ ಅದನ್ನೇ ಹಾಗೆಯೇ ಕತ್ತರಿಸಿದ, ಡ್ರೈಯರ್ ಹಿಡಿದು ತುದಿಗಳನ್ನು ಒಳಕ್ಕೆ ತಿರುಗಿಸಿ ಕೂರಿಸಿದ, 1,400 ರೂಪಾಯಿ ಕೊಟ್ಟು ಖುಷಿಯಾಗಿಯೇ ಬಂದೆ. ಎರಡು ದಿನ ಬಿಟ್ಟು ತಲೆಸ್ನಾನ ಮಾಡಿದ ಮೇಲೆ ಶುರುವಾಯಿತು. ತುದಿ ಸರಿಯಾಗಿ ಭುಜದ ಮೇಲೆ ಬಂದು ಕೂತು ಹೊರಕ್ಕೆ ಮಡಚಿಕೊಳ್ಳುತ್ತಿತ್ತು. ಎಡಗಡೆ ಸೆರಗಿನ ಪಿನ್ನಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಚುರುಕ್ ಅಂತ ಎಳೆಯುತ್ತಿತ್ತು. ಕುರ್ತಾ ಹಾಕಿದ ದಿನ ಕಾಲರ್ ಹಿಂದಿನಿಂದ ಕೂದಲನ್ನು ಮೇಲಕ್ಕೆ ದಬ್ಬುತ್ತಿತ್ತು, ಕತ್ತೇ ಇಲ್ಲದ ಹಾಗೆ ಕಾಣುತ್ತಿತ್ತು. ಸರಿ, ಜಡೆ ಹೆಣೆದುಬಿಡೋಣ ಅಂದರೆ ಮೇಲಿನ ಲೇಯರ್‌ಗಳು ಹೆಣಿಗೆಗೆ ಸಿಗದೆ ಅಲ್ಲಲ್ಲಿ ಹೊರಗೆ ಬರುತ್ತಿದ್ದವು. ವರಮಹಾಲಕ್ಷ್ಮಿ ಹಬ್ಬದ ದಿನ ಒಂದು ಮೊಳ ಮಲ್ಲಿಗೆ ನಿಲ್ಲಿಸಲು ಆರು ಪಿನ್ ಬೇಕಾಯಿತು, ಆದರೂ ಮಂಗಳಾರತಿ ಹೊತ್ತಿಗೆ ಹೂವು ಜಾರಿ ಬೆನ್ನ ಮೇಲಿತ್ತು. ಅವತ್ತು ನಿಜವಾಗಲೂ ಅಳು ಬಂತು.

ಆಮೇಲೆ ಆ ಫೋಟೊ ಇನ್ನೊಮ್ಮೆ ತೆಗೆದು ನೋಡಿದೆ. ಆ ಹುಡುಗಿ ಹಾಕಿದ್ದು ಭುಜ ತೆರೆದ ಟಾಪ್. ಕಾಲರ್ ಇಲ್ಲ, ಸೆರಗಿಲ್ಲ, ದುಪಟ್ಟಾ ಇಲ್ಲ. ಕೂದಲಿಗೆ ಅಡ್ಡ ಬರುವಂಥದ್ದು ಒಂದೂ ಇಲ್ಲ.

ಕೂದಲು ಬೆಳೆಯುವುದು ತಿಂಗಳಿಗೆ 1ರಿಂದ 1.25 ಸೆಂಟಿಮೀಟರ್. ಹಾಗಾಗಿ ಒಂದು ತಪ್ಪು ಕಟ್ ಅಂದರೆ ಸುಮ್ನೆ ಒಂದು ವಾರದ ಬೇಜಾರಲ್ಲ, ನನಗೆ ಅದು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಈ ಪಾರ್ಲರ್‌ಗೆ ಹೋಗಿದ್ದು ಕೆಳಗೆ ಬ್ಲೌಸ್ ಹೊಲಿಯಲು ಕೊಟ್ಟು, ಹಾಗೇ ಮೆಟ್ಟಿಲು ಹತ್ತಿ. ನಡೆಸುವ ಅಕ್ಕನಿಗೆ ಐವತ್ತರ ಆಸುಪಾಸು ಇರಬಹುದು. ಯು ಕಟ್ಟಾ, ಸ್ಟೆಪ್ ಕಟ್ಟಾ ಅಂತ ಅವರು ಕೇಳಲಿಲ್ಲ. ‘ದಿನಾ ಹೀಗೇ ಸೀರೆ ಉಡ್ತೀರಾ ಮೇಡಂ, ಇಲ್ಲ ಇವತ್ತೊಂದಿನ ಉಟ್ಟಿದ್ದೀರಾ?’ ಅಂದರು. ಹೇಳಿದೆ. ‘ಫೋನಲ್ಲಿ ಫೋಟೊ ಇದ್ರೆ ತೋರ್ಸಿ, ಮದುವೆ ಮನೇದು ಬೇಡ, ಮಾಮೂಲಿ ದಿನದ್ದು.’ ಕಾಲೇಜಿನ ನಾಲ್ಕೈದು ಫೋಟೊ ತೋರಿಸಿದೆ. ಅವರು ಮುಖ ನೋಡಲೇ ಇಲ್ಲ, ಫೋಟೊ ದೊಡ್ಡದು ಮಾಡಿ ಕುತ್ತಿಗೆ, ಕಾಲರ್, ಪಿನ್ ಹಾಕುವ ಜಾಗ ನೋಡಿದರು. ಯಾಕೆ ಅಂತ ಕೇಳಿದ್ದಕ್ಕೆ, ‘ಕೆಳಗೆ ಟೈಲರ್‌ಗೆ ಅಳತೆ ಬ್ಲೌಸ್ ಕೊಟ್ಟು ಬಂದ್ರಲ್ಲ, ಇದೂ ಹಂಗೇ’ ಅಂದರು.

ಆಮೇಲೆ ಎರಡೇ ದಾರಿ ಇಟ್ಟರು. ಒಂದೋ ಕಾಲರ್‌ಗೆ ತಾಗದ ಹಾಗೆ ಪೂರ್ತಿ ಮೇಲಕ್ಕೆ, ಅಂದರೆ ಬಾಬ್. ಇಲ್ಲವೇ ಭುಜ ದಾಟಿ ನಾಲ್ಕು ಬೆರಳು ಕೆಳಕ್ಕೆ, ಭಾರಕ್ಕೆ ತಾನೇ ಇಳಿದು ಕೂರುವ ಹಾಗೆ. ಭುಜದ ಮೇಲೆ ಮಾತ್ರ ನಿಲ್ಲಬಾರದು, ಅಲ್ಲಿ ನಿಂತರೆ ಹೊರಕ್ಕೆ ತಿರುಗಿಯೇ ತಿರುಗುತ್ತದೆ. ಬಾಬ್ ಮಾಡಿದರೆ ಕುರ್ತಾಗೆ ತುಂಬಾ ಚೆನ್ನಾಗಿರುತ್ತದೆ, ಆದರೆ ಹೂವು ಮುಡಿಯೋದಕ್ಕಾಗಲ್ಲ ಅಂತ ಅವರೇ ಹೇಳಿದರು. ಹೂವು ಬೇಕೇ ಬೇಕು ಅಂದೆ. ‘ಹಂಗಾದ್ರೆ ಮುಗೀತು’ ಅಂದವರೇ ಬಾಚಣಿಗೆ ತೆಗೆದುಕೊಂಡರು.

ಕತ್ತರಿಸಿದ್ದು ಒಣ ಕೂದಲನ್ನು. ಒದ್ದೆ ಇದ್ದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ನನ್ನಂಥ ಅಲೆ ಕೂದಲು ಎರಡು ಬೆರಳು ಮೇಲಕ್ಕೆ ಹೋಗಿಬಿಡುತ್ತದೆ. ತುದಿಯಲ್ಲಿ ತೀರಾ ಸಣ್ಣದಾಗಿ ಯು ಆಕಾರ ಇಟ್ಟು ಉಳಿದದ್ದನ್ನು ಒಂದೇ ಸಮ ಮಾಡಿದರು. ಲೇಯರ್ ಮುಂದಿನ ಎರಡು ಕಡೆ ಮಾತ್ರ, ಅದೂ ಗದ್ದದಿಂದ ಕೆಳಗೆ. ನನಗೆ ಬಹಳ ಇಷ್ಟವಾದದ್ದು ಇಲ್ಲೇ. ಮುಂದಿನ ಎಳೆಯನ್ನು ಬೆರಳಲ್ಲಿ ಹಿಡಿದು, ಕತ್ತರಿಸುವ ಜಾಗವನ್ನು ಉಗುರಿನಿಂದ ಒತ್ತಿ, ಅದನ್ನು ಕಿವಿಯ ಮೇಲಿಂದ ಹಿಂದಕ್ಕೆ ಎಳೆದು ಕ್ಲಿಪ್ ಹಾಕುವ ಜಾಗಕ್ಕೆ ಮುಟ್ಟುತ್ತದಾ ಅಂತ ನೋಡುತ್ತಿದ್ದರು, ಮುಟ್ಟಿದರೆ ಮಾತ್ರ ಕತ್ತರಿ. ಪ್ರತಿ ಎಳೆಗೂ ಹೀಗೆ. ಒಂದು ಸಲ ಮುಟ್ಟಲಿಲ್ಲ, ಉಗುರನ್ನು ಅರ್ಧ ಬೆರಳು ಕೆಳಗಿಳಿಸಿದರು. ಹಣೆ ಮೇಲೆ ಕೂದಲು ಬಿಡೋಣವಾ ಅಂತ ನಾನೇ ಕೇಳಿದೆ. ಹೆಲ್ಮೆಟ್ ಒಳಗೆ ಬೆವರಿ ಹಣೆಗೆ ಅಂಟುತ್ತದೆ, ಬೇಡ ಅಂದರು.

ಈಗ ಬೆಳಗ್ಗೆ ಕೂದಲಿಗೆ ಐದು ನಿಮಿಷ ಸಾಕು. ಸೀರೆ ದಿನ ಅರ್ಧ ಕೂದಲಿಗೆ ಕ್ಲಿಪ್, ಉಳಿದದ್ದು ಬೆನ್ನ ಮೇಲೆ, ಪಿನ್ನಿಗೆ ಸಿಕ್ಕುವುದಿಲ್ಲ. ಗಂಜಿ ಹಾಕಿದ ಸೀರೆಯ ನೆರಿಗೆ ಗೆರೆ ಎಳೆದ ಹಾಗೆ ಇರುತ್ತದಲ್ವಾ, ಅದರ ಜೊತೆ ತುದಿ ಸಮ ಇರುವ ಕೂದಲು ಎಷ್ಟು ಹೊಂದುತ್ತದೆ ಅಂತ ಈಗ ಕಾಣುತ್ತಿದೆ. ಕುರ್ತಾ ದಿನ ಚಿಕ್ಕ ತುರುಬು, ಕಾಲರ್ ಪೂರ್ತಿ ಕಾಣುತ್ತದೆ. ಗೌರಿ ಹಬ್ಬಕ್ಕೆ ದೇವರಾಜ ಮಾರುಕಟ್ಟೆಯಿಂದ ಎರಡು ಮೊಳ ತಂದು ಮುಡಿದೆ. ಎರಡೇ ಪಿನ್. ಬಾಗಿನ ಕೊಡಲು ನಾಲ್ಕು ಮನೆ ಸುತ್ತಿ ಬಂದರೂ ಹೂವು ಕದಲಲಿಲ್ಲ.

ನಿಮ್ಮ ಬಟ್ಟೆ ಬೇರೆ ಇದ್ದರೆ ಕಟ್ ಕೂಡ ಬೇರೆ, ನನ್ನದನ್ನೇ ಹೋಗಿ ಕೇಳಬೇಡಿ. ಜಾರ್ಜೆಟ್, ಕ್ರೇಪ್ ಥರ ಇಳಿಬೀಳುವ ಬಟ್ಟೆ ಜಾಸ್ತಿ ಹಾಕುವವರಿಗೆ ಮೆತ್ತಗಿನ ಲೇಯರ್ ಚೆನ್ನಾಗಿರುತ್ತದೆ. ಬೋಟ್ ನೆಕ್ ಇಷ್ಟಪಡುವವರು ಧೈರ್ಯವಾಗಿ ಬಾಬ್ ಮಾಡಿಸಿ, ಕುತ್ತಿಗೆ ಉದ್ದ ಕಾಣುತ್ತದೆ, ಜುಮುಕಿಯೂ ಎದ್ದು ಕಾಣುತ್ತದೆ. ನನ್ನ ತಂಗಿ ಬೆಂಗಳೂರಿನಲ್ಲಿ ವಾರವಿಡೀ ಜೀನ್ಸ್, ಟೀ ಶರ್ಟ್, ಅವಳಿಗೆ ಬಾಬ್ ಹೇಳಿ ಮಾಡಿಸಿದ ಹಾಗಿದೆ.

ಕೊರತೆಗಳೂ ಇವೆ. ಕಟ್ ಮಾಡುವವರು ಅಕ್ಕ ಒಬ್ಬರೇ, ಶನಿವಾರ ಒಂದೂವರೆ ಗಂಟೆ ಕಾದೆ, ಮೊದಲೇ ಫೋನ್ ಮಾಡಿ ಟೈಮ್ ಹಿಡಿಯುವ ಪದ್ಧತಿ ಇಲ್ಲ. ತಲೆ ತೊಳೆಯಲು ಬಿಸಿನೀರಿಲ್ಲ. ಬಲಗಡೆ ಅರ್ಧ ಬೆರಳು ಉದ್ದ ಬಿಟ್ಟಿದ್ದರು, ಮೂರನೇ ದಿನ ನನಗೆ ಗೊತ್ತಾಯಿತು, ಹೋಗಿ ತೋರಿಸಿದ ಕೂಡಲೇ ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಟ್ಟರು. ಬಣ್ಣ ಹಾಕಿಸುವುದಾದರೆ, ತೀರಾ ಗುಂಗುರು ಕೂದಲಾದರೆ ಬೇರೆ ಕಡೆ ನೋಡಿ, ಅದು ನನ್ನ ಕೆಲಸವಲ್ಲ ಅಂತ ಅವರೇ ಹೇಳುತ್ತಾರೆ. ಕಟಿಂಗ್ 250 ರೂಪಾಯಿ, ತಲೆ ತೊಳೆದರೆ 100 ಜಾಸ್ತಿ. ಮಂಗಳವಾರ ರಜ.

ಹೋಗುವುದಾದರೆ ದಿನಾ ಹಾಕುವ ಬಟ್ಟೆಯಲ್ಲೇ ಹೋಗಿ, ಕೆಲಸ ಮುಗಿಸಿಕೊಂಡು ಹಾಗೇ. ಮುಂದಿನ ತಿಂಗಳು ಬರುವಾಗ ಕುರ್ತಾ ಹಾಕಿಕೊಂಡು ಬನ್ನಿ, ಕತ್ತಿನ ಹತ್ತಿರ ಒಳಗಿನಿಂದ ಸ್ವಲ್ಪ ದಪ್ಪ ತೆಗೆಯಬಹುದಾ ನೋಡೋಣ ಅಂತ ಅಕ್ಕ ಹೇಳಿದ್ದಾರೆ. ನೀಲಿ ಕಾಲರ್‌ನದ್ದು ಇಸ್ತ್ರಿಗೆ ಕೊಟ್ಟಿದ್ದೇನೆ.