ಕರಾರೋ, ಟಾರ್ಟೋ: ಯಾವುದರಲ್ಲಿ ಆಳಕ್ಕೆ ಇಳಿಯಬೇಕು?

ಕಾಮನ್ ಲಾ (ಹಿಂದಿನ ತೀರ್ಪುಗಳನ್ನೂ ಕಾನೂನಾಗಿ ಪಾಲಿಸುವ, ಇಂಗ್ಲೆಂಡ್ ಮೂಲದ) ಪದ್ಧತಿಯ ಕಾನೂನು ಪದವಿಯಲ್ಲಿ ಕರಾರು ಮತ್ತು ಟಾರ್ಟ್ (ಕರಾರಿಲ್ಲದಿದ್ದರೂ ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಸಿವಿಲ್ ಕಾನೂನು) ಎರಡನ್ನೂ ಓದಲೇಬೇಕು. ಆಯ್ಕೆಯ ಪ್ರಶ್ನೆ ಏಳುವುದು ಮುಂದೆ ಯಾವುದರಲ್ಲಿ ಪಳಗಬೇಕು ಎಂಬಲ್ಲಿ.

ಕರಾರಿನಲ್ಲಿ ಹೊಣೆಯನ್ನು ನಾವೇ ಒಪ್ಪಿ ಹೊರುತ್ತೇವೆ. ಟಾರ್ಟ್‌ನಲ್ಲಿ ಕಾನೂನೇ ಹೊರಿಸುತ್ತದೆ. 1932ರ ಡಾನಹ್ಯೂ ವಿರುದ್ಧ ಸ್ಟೀವನ್ಸನ್ ಪ್ರಕರಣವನ್ನೇ ನೋಡಿ. ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಡಾನಹ್ಯೂ ಎಂಬ ಮಹಿಳೆಯ ದೂರು. ಹಣ ಕೊಟ್ಟವಳು ಗೆಳತಿ. ಹಾಗಾಗಿ ಕುಡಿದವಳಿಗೆ ಯಾರೊಂದಿಗೂ ಕರಾರಿರಲಿಲ್ಲ. ಆದರೂ ಬಳಕೆದಾರರ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ತಯಾರಕರಿಗಿದೆ ಎಂದಿತು ಆಗ ಬ್ರಿಟನ್ನಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್. ಹುಳು ನಿಜಕ್ಕೂ ಇತ್ತೇ ಎಂಬುದು ಕೊನೆಗೂ ಸಾಬೀತಾಗಲೇ ಇಲ್ಲ!

ಪರಿಹಾರದ ಲೆಕ್ಕವೂ ಬೇರೆ. ಕರಾರು ಮುರಿದರೆ, ಅದು ನೆರವೇರಿದ್ದರೆ ನೀವು ಎಲ್ಲಿರುತ್ತಿದ್ದಿರೋ ಅಲ್ಲಿಗೆ ತಲುಪಿಸುವುದು ಗುರಿ. ಟಾರ್ಟ್‌ನಲ್ಲಿ ಹಾನಿಗೆ ಮುಂಚಿನ ಸ್ಥಿತಿಗೆ ಮರಳಿಸುವುದು.

ಅಪರಾಧ ಕಾನೂನು ಇವೆರಡಕ್ಕಿಂತ ಪ್ರತ್ಯೇಕ: ಅಲ್ಲಿ ಸಾಮಾನ್ಯವಾಗಿ ಮೊಕದ್ದಮೆ ಹೂಡುವುದು ಸರ್ಕಾರ, ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸಬೇಕು.

ಷರತ್ತುಗಳ ಒಂದೊಂದು ಪದವನ್ನೂ ತೂಗಿ ಬರೆಯುವುದು ನಿಮಗೆ ಹಿಡಿಸಿದರೆ ಕರಾರು ಆರಿಸಿಕೊಳ್ಳಿ; ವ್ಯಾಪಾರ ವ್ಯವಹಾರದ ವಕೀಲಿಕೆಗೆ ಅದೇ ತಳಪಾಯ. ನನ್ನ ಒಲವು ಮಾತ್ರ ಟಾರ್ಟ್‌ನತ್ತ. 'ವಿವೇಕಿಯಾದ ವ್ಯಕ್ತಿ ಇಲ್ಲಿ ಏನು ಮಾಡುತ್ತಿದ್ದ?' ಎಂಬ ಒಂದೇ ಪ್ರಶ್ನೆ ಶಸ್ತ್ರಚಿಕಿತ್ಸೆಗೂ ರಸ್ತೆ ಅಪಘಾತಕ್ಕೂ ಅನ್ವಯಿಸುತ್ತದೆ, ಪ್ರತಿ ಬಾರಿಯೂ ಹೊಸದಾಗಿ ಯೋಚಿಸುವಂತೆ ಮಾಡುತ್ತದೆ. ನಿರ್ಧರಿಸುವ ಮುನ್ನ ಎರಡರಿಂದಲೂ ಒಂದೊಂದು ತೀರ್ಪನ್ನು ಪೂರ್ತಿ ಓದಿ, ಸಾರಾಂಶವನ್ನಲ್ಲ.