ಹೊರಗೆ ಆಯುಷ್ಮಾನ್ ಬೋರ್ಡ್ ಇದೆ ಅಂತ ನೇರ ಹೋಗಿ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳಬೇಡಿ

ಮನೆಯಲ್ಲಿ ವಯಸ್ಸಾದವರಿದ್ದು, ಅವರ ಕಣ್ಣಿನ ಪೊರೆ ಆಪರೇಷನ್ನನ್ನು ಬಿಪಿಎಲ್ ಕಾರ್ಡಿನ ಮೇಲೆ ಮಾಡಿಸಬೇಕು ಅಂತಿದ್ದರೆ ಇದನ್ನು ಓದಿಕೊಂಡು ಹೋಗಿ. ನಮ್ಮ ದೊಡ್ಡಪ್ಪನ ವಿಷಯದಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಕೇಳಲೂಬೇಡಿ. ಅದೊಂದನ್ನು ಬಿಟ್ಟು ಪಕ್ಕದ ರಸ್ತೆಯ ಇನ್ನೊಂದಕ್ಕೆ ಹೋದರೂ ಇದೇ ಆಟ ನಡೆಯಬಹುದು. ಆಟ ಹೇಗೆ ಅನ್ನೋದು ಗೊತ್ತಿರಲಿ.

ಹೋಗುವ ಮುಂಚೆ ಫೋನ್ ಮಾಡಿ ಕೇಳಿದ್ದೆ. "ನಿಮ್ಮಲ್ಲಿ ಆಯುಷ್ಮಾನ್ ಇದೆಯಾ?" "ಇದೆ ಸರ್, ಕಣ್ಣಿನ ಡಾಕ್ಟ್ರೂ ಇದಾರೆ, ಪೇಷಂಟನ್ನ ಕರ್ಕೊಂಡು ಬನ್ನಿ." ಎರಡೂ ನಿಜವೇ. ಆ ಆಸ್ಪತ್ರೆಗೆ ಯೋಜನೆ ಇತ್ತು, ಕಣ್ಣಿನ ಡಾಕ್ಟರೂ ಇದ್ದರು. ಆದರೆ ಕಣ್ಣಿಗೆ ಯೋಜನೆ ಇರಲಿಲ್ಲ! ಮೂಳೆಗೆ ಇತ್ತು, ಕಿಡ್ನಿ ಕಲ್ಲಿಗೆ ಇತ್ತು. ಖಾಸಗಿ ಆಸ್ಪತ್ರೆಗಳನ್ನು ಈ ಯೋಜನೆಗೆ ಸೇರಿಸುವುದು ವಿಭಾಗವಾರು. ಒಂದೇ ಕಟ್ಟಡದಲ್ಲಿ ಒಂದನೇ ಮಹಡಿಗೆ ಕಾರ್ಡ್ ನಡೆಯುತ್ತದೆ, ಎರಡನೇ ಮಹಡಿಗೆ ನಡೆಯುವುದಿಲ್ಲ. ಬೋರ್ಡಿನ ಮೇಲೆ ಇದನ್ನು ಯಾರೂ ಬರೆಸುವುದಿಲ್ಲ. ನಮಗೆ ಗೊತ್ತಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಜೇಬೂ ಹಗುರಾಗಿತ್ತು.

ಬೆಳಿಗ್ಗೆಯಿಂದ ನಡೆದದ್ದು ಇಷ್ಟು. ಹೆಸರು ಬರೆಸುವುದಕ್ಕೆ ಫೀಸು. ಆಮೇಲೆ ಕಣ್ಣಿನ ಪ್ರೆಷರ್, ಲೆನ್ಸ್ ಪವರ್ ಲೆಕ್ಕ ಹಾಕುವ ಎ-ಸ್ಕ್ಯಾನ್, ಶುಗರ್, ಇಸಿಜಿ, ಇನ್ನೇನೇನೋ ರಕ್ತ ಪರೀಕ್ಷೆ. ಪ್ರತಿಯೊಂದಕ್ಕೂ ಬೇರೆ ಚೀಟಿ, ಬೇರೆ ದುಡ್ಡು. "ಕಾರ್ಡ್ ಇದೆಯಲ್ಲಮ್ಮ" ಅಂದರೆ ಕೌಂಟರಿನ ಹುಡುಗಿ "ಇದು ಓಪಿಡಿ ಸರ್, ಕಾರ್ಡು ಅಡ್ಮಿಟ್ ಆದ್ಮೇಲೆ" ಅಂದಳು. ಇದು ಅರ್ಧ ಸತ್ಯ. ಸುಮ್ನೆ ಕಣ್ಣು ತೋರಿಸಿಕೊಂಡು ಬರುವುದಕ್ಕೆ, ಕನ್ನಡಕಕ್ಕೆ ಈ ಯೋಜನೆಯಲ್ಲಿ ದುಡ್ಡು ಸಿಗುವುದಿಲ್ಲ, ಸರಿ. ಆದರೆ ಯೋಜನೆಯಡಿ ಆಪರೇಷನ್ ಆಗುವುದಾದರೆ, ಅಡ್ಮಿಟ್ ಆಗುವ 3 ದಿನ ಮೊದಲಿನ ಪರೀಕ್ಷೆಗಳೂ, ಡಿಸ್ಚಾರ್ಜ್ ಆದ 15 ದಿನದವರೆಗಿನ ಔಷಧಿಯೂ ಆ ಪ್ಯಾಕೇಜಿನೊಳಗೇ ಬರುತ್ತವೆ. ಆ ಅರ್ಧವನ್ನು ಅವಳು ಹೇಳಲಿಲ್ಲ. ಪಾಪ, ಅವಳಿಗೂ ಗೊತ್ತಿತ್ತೋ ಇಲ್ಲವೋ.

ಇಷ್ಟೆಲ್ಲ ಆದ ಮೇಲೆ ಡ್ರಾಪ್ಸ್ ಹಾಕಿ ಕೂರಿಸಿದರು. ಪಾಪೆ ಅಗಲವಾಗಿ ಒಳಗಿನದು ಚೆನ್ನಾಗಿ ಕಾಣಲಿ ಅಂತ ಹಾಕುತ್ತಾರೆ, ಅದು ಬೇಕಾದದ್ದೇ. ಆದರೆ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕು, ಬೆಳಕು ಬಿದ್ದರೆ ಕಣ್ಣು ಚುಚ್ಚುತ್ತದೆ. ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ ದೊಡ್ಡಪ್ಪನನ್ನು ಕೌನ್ಸೆಲಿಂಗ್ ಅಂತ ಇನ್ನೊಂದು ರೂಮಿಗೆ ಕರೆದರು. ಅಲ್ಲಿ ಡಾಕ್ಟರ್ ಇಲ್ಲ, ಕೋಟು ಹಾಕಿಕೊಂಡ ಒಬ್ಬರು ಲೆನ್ಸಿನ ರೇಟ್ ಕಾರ್ಡ್ ಇಟ್ಟುಕೊಂಡು ಕೂತಿದ್ದರು. "ತಾತ, ಪೊರೆ ಫುಲ್ ಬಲಿತಿದೆ, ಈ ವಾರನೇ ಮಾಡಿಸ್ಬೇಕು. ಸ್ಕೀಮಲ್ಲಿ ಹಳೇ ಥರ ಕುಯ್ದು ಹೊಲಿಗೆ ಹಾಕ್ತಾರೆ, ಲೆನ್ಸೂ ಲೋಕಲ್. ನಮ್ದು ಲೇಸರ್. ಹೊಲಿಗೆ ಇಲ್ಲ, ಮಾರನೇ ದಿನ ಟಿವಿ ನೋಡಬಹುದು." ಕಡಿಮೆದು ಅಂತ ತೋರಿಸಿದ್ದೇ 38 ಸಾವಿರ, ಒಂದು ಕಣ್ಣಿಗೆ.

ಆಮೇಲೆ ಒಂದು ಫಾರಂ ಮುಂದಕ್ಕೆ ತಳ್ಳಿದರು. ಪೂರ್ತಿ ಇಂಗ್ಲಿಷ್, ಸಣ್ಣ ಅಕ್ಷರ, ಕೆಳಗಡೆ ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು. ದೊಡ್ಡಪ್ಪ ಅದನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ನನ್ನ ಕಡೆ ತಿರುಗಿ "ಏನೋ ಮಗಾ ಇದು, ಸೈನ್ ಹಾಕ್ಲೇನೋ?" ಅಂದರು. ಪೆನ್ನು ಆಗಲೇ ಅವರ ಕೈಯಲ್ಲಿತ್ತು. ನಾನು ತೆಗೆದುಕೊಂಡು ಓದಿದೆ. ನನಗೆ ಸರ್ಕಾರಿ ಯೋಜನೆಯ ಬಗ್ಗೆ ತಿಳಿಸಿದ್ದಾರೆ, ಅದು ನನಗೆ ಬೇಡ, ನನ್ನ ಇಷ್ಟದಿಂದ ಹಣ ಕಟ್ಟಿ ಚಿಕಿತ್ಸೆ ಪಡೆಯುತ್ತಿದ್ದೇನೆ, ಮುಂದೆ ತಕರಾರು ಮಾಡುವುದಿಲ್ಲ ಅಂತ ಇತ್ತು. ಡ್ರಾಪ್ಸ್ ಹಾಕಿ ಓದಲಾಗದಂತೆ ಮಾಡಿ, ಆಮೇಲೆ ಸಹಿ ಕೇಳುವುದು! ಬೇಕಂತಲೇ ಮಾಡುತ್ತಾರೆ ಅಂತ ಹೇಳಲಾರೆ. ಆದರೆ ಆ ಫಾರಂ ಬೆಳಿಗ್ಗೆ ಹೆಸರು ಬರೆಸುವಾಗಲೇ ಕೊಡಬಹುದಿತ್ತು, ಅಲ್ವಾ?

"ಸಹಿ ಆಮೇಲೆ, ಮೊದಲು ಆರೋಗ್ಯ ಮಿತ್ರ ಎಲ್ಲಿದ್ದಾರೆ ಹೇಳಿ" ಅಂದೆ. ಯೋಜನೆ ಇರುವ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರಿರುತ್ತಾರೆ, ಕಾರ್ಡಿನ ವಿಚಾರ ನೋಡಿಕೊಳ್ಳುವುದು ಅವರೇ. ಕೌನ್ಸೆಲಿಂಗಿನವರಿಗೆ ತಕ್ಷಣ ಯಾವುದೋ ಫೋನ್ ಬಂತು. ಹುಡುಕಿಕೊಂಡು ಹೋದರೆ ನೆಲಮಹಡಿಯಲ್ಲಿ, ಮೆಡಿಕಲ್ ಸ್ಟೋರ್ ಹಿಂದುಗಡೆ ಒಂದು ಟೇಬಲ್. ಅಲ್ಲಿದ್ದ ಹೆಣ್ಣುಮಗಳು ಕಾರ್ಡ್ ನೋಡಿದ್ದೇ "ಕಣ್ಣಿಗೆ ನಮ್ಮಲ್ಲಿ ಇಲ್ಲ ಸರ್, ಮೇಲ್ಗಡೆ ಹೇಳಲಿಲ್ವಾ? ಇದ್ದಿದ್ರೂ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಿತ್ತು" ಅಂದರು. ಹಾಗಾದರೆ ಸ್ಕೀಮಲ್ಲಿ ಲೋಕಲ್ ಲೆನ್ಸ್ ಹಾಕುತ್ತಾರೆ ಅಂದದ್ದು ಯಾವ ಸ್ಕೀಮು? ಇಲ್ಲದ ಯೋಜನೆಯ ಲೆನ್ಸ್ ಕೆಟ್ಟದ್ದು ಅಂತ ಹೇಳಿ ತಮ್ಮದನ್ನು ಮಾರುತ್ತಿದ್ದರು.

ರೆಫರಲ್ ವಿಚಾರ ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ 2018ರ ಮಾರ್ಚಿನಲ್ಲಿ ಶುರುವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಆಗದಿದ್ದರೆ ಮಾತ್ರ ಅವರು ಖಾಸಗಿಗೆ ಬರೆದು ಕೊಡುತ್ತಾರೆ. ಎಮರ್ಜೆನ್ಸಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಈ ಚೀಟಿ ಬೇಡ. ಪೊರೆ ಆಪರೇಷನ್ ಜಿಲ್ಲಾ ಆಸ್ಪತ್ರೆಗಳಲ್ಲಿ ದಿನಾ ಆಗುವ ಕೆಲಸ, ಹಾಗಾಗಿ ಅದಕ್ಕೆ ರೆಫರಲ್ ಸಲೀಸಾಗಿ ಸಿಗುತ್ತದೆ ಅಂದುಕೊಳ್ಳಬೇಡಿ.

ಎಪಿಎಲ್‌ನವರಿಗೆ ಇನ್ನೊಂದು ಗುಂಡಿ ಇದೆ. ನಿಮಗೆ ಸಿಗುವುದು 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಈ 30% ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ್ದು, ಆಸ್ಪತ್ರೆ ಬಿಲ್ಲಿನದ್ದಲ್ಲ. ಪ್ಯಾಕೇಜ್ ದರ 10 ಸಾವಿರ ಅಂತಿಟ್ಟುಕೊಳ್ಳಿ, ಬಿಲ್ 40 ಸಾವಿರ ಬಂದರೂ ಯೋಜನೆಯಿಂದ ಬರುವುದು 3 ಸಾವಿರ ಮಾತ್ರ.

ಲೆನ್ಸು, ಲೇಸರ್ ಅಂತ ಹೆದರಿಸಿದ್ದರ ಬಗ್ಗೆಯೂ ಹೇಳಿಬಿಡುತ್ತೇನೆ. ಅವರು ಲೇಸರ್ ಅಂತ ಕರೆಯುವುದು ಸಾಮಾನ್ಯವಾಗಿ ಫೇಕೋ. ಅದರಲ್ಲಿ ಪೊರೆಯನ್ನು ಒಡೆಯುವುದು ಅಲ್ಟ್ರಾಸೌಂಡ್, ಲೇಸರ್ ಅಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಜಾಸ್ತಿ ಮಾಡುವ ಇನ್ನೊಂದು ವಿಧಾನದಲ್ಲಿ ಗಾಯ ಸ್ವಲ್ಪ ದೊಡ್ಡದು, ಆದರೆ ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ, ತಾನೇ ಕೂಡಿಕೊಳ್ಳುತ್ತದೆ. ತುಂಬಾ ಗಟ್ಟಿಯಾದ ಪೊರೆಗೆ ಆ ವಿಧಾನವೇ ವಾಸಿ ಅಂತ ಡಾಕ್ಟರುಗಳೇ ಆರಿಸಿಕೊಳ್ಳುವುದೂ ಉಂಟು. ಇನ್ನು ಈ ವಾರವೇ ಮಾಡಿಸಬೇಕು ಅನ್ನುವ ಆತುರ. ಪೊರೆ ನಿಧಾನಕ್ಕೆ ಬೆಳೆಯುವಂಥದ್ದು, ಸಾಮಾನ್ಯವಾಗಿ ಕೆಲವು ವಾರ ಕಾದರೆ ಕಣ್ಣು ಹೋಗುವುದಿಲ್ಲ. ಹಾಗಂತ ವರ್ಷಗಟ್ಟಲೆ ಬಿಡಬೇಡಿ, ತೀರಾ ಬಲಿತರೆ ಕಣ್ಣಿನ ಪ್ರೆಷರ್ ಏರಬಹುದು. ಕಣ್ಣು ಕೆಂಪಾಗಿ ತಡೆಯಲಾರದ ನೋವು ಬಂದರೆ, ನೋಟ ಇದ್ದಕ್ಕಿದ್ದಂತೆ ಕುಂದಿದರೆ ಮಾತ್ರ ಕಾರ್ಡು, ಚೀಟಿ ಯಾವುದನ್ನೂ ನೋಡದೆ ಓಡಿ.

ದೊಡ್ಡಪ್ಪನಿಗೆ ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲೇ ಆಯಿತು. ಬೆಳಿಗ್ಗೆ ಬೇಗ ಹೋಗಿ ಓಪಿ ಚೀಟಿಗೆ ನಿಲ್ಲಬೇಕು, ಕೂರಲು ಜಾಗ ಸಾಲದು, ವಾರ್ಡಿನಲ್ಲಿ ಒಬ್ಬಾಕೆ ಎಲ್ಲರಿಗೂ ಗದರುತ್ತಲೇ ಇರುತ್ತಾರೆ. ಆದರೆ ಆಪರೇಷನ್ ಅಚ್ಚುಕಟ್ಟು. ಲೆನ್ಸಿಗೆ, ಡ್ರಾಪ್ಸಿಗೆ, ಕಪ್ಪು ಕನ್ನಡಕಕ್ಕೆ ಯಾರೂ ದುಡ್ಡು ಕೇಳಲಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ, ಅದರಡಿ ಪೊರೆ ಆಪರೇಷನ್ ಉಚಿತ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಸರ್ಕಾರದ್ದೇ ಮಿಂಟೋ ಕಣ್ಣಾಸ್ಪತ್ರೆ ಇದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ಒಂದು ತೊಂದರೆಯಾಯಿತು, ಅದು ನಿಮಗೂ ಆಗಬಹುದು. ಕಾರ್ಡಿಗೆ ದೊಡ್ಡಪ್ಪನ ಹೆಬ್ಬೆಟ್ಟು ಕೇಳಿದರು, ಮಷಿನ್ ಒಪ್ಪಲಿಲ್ಲ. ಜನ್ಮವಿಡೀ ಗುದ್ದಲಿ ಹಿಡಿದ ಕೈ, ಗೆರೆಗಳೇ ಸವೆದುಹೋಗಿವೆ. ಪಂಚೆಗೆ ಒರೆಸಿ ಒರೆಸಿ ಒತ್ತಿದರು, ಪ್ರತಿ ಸಲ ಕೆಂಪು ದೀಪ. ಕಣ್ಣಿನ ಸ್ಕ್ಯಾನ್ ಮಾಡೋಣ ಅಂದರೆ ಅಷ್ಟರಲ್ಲಿ ಡ್ರಾಪ್ಸ್ ಬಿದ್ದಿತ್ತು! ಓಟಿಪಿ ಕಳಿಸಿದರೆ ಆಧಾರಿಗೆ ಜೋಡಿಸಿದ ನಂಬರು ಬೇರೆ ಊರಿನಲ್ಲಿರುವ ಮಗನ ಹತ್ತಿರ. ಅವನು ಫೋನ್ ಎತ್ತುವವರೆಗೆ ಕಾದೆವು. ಆಯುಷ್ಮಾನ್ ಕಾರ್ಡನ್ನು ಮುಂಚೆಯೇ ಗ್ರಾಮ ಒನ್‌ನಲ್ಲಿ ಮಾಡಿಸಿಟ್ಟುಕೊಳ್ಳಿ. ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ, ಆಧಾರಿನ ಫೋನ್ ನಂಬರು ಜೊತೆಯಲ್ಲೇ ಇರಲಿ.

ಖಾಸಗಿಗೇ ಹೋಗಬೇಕಾಗಿ ಬಂದರೆ "ಆಯುಷ್ಮಾನ್ ಇದೆಯಾ" ಅಂತ ಕೇಳಬೇಡಿ, "ಕಣ್ಣಿನ ಪೊರೆ ಆಪರೇಷನ್ನಿಗೆ ಆಯುಷ್ಮಾನ್ ಇದೆಯಾ, ರೆಫರಲ್ ಬೇಕಾ" ಅಂತ ಕೇಳಿ. ಉತ್ತರ ಆರೋಗ್ಯ ಮಿತ್ರರಿಂದಲೇ ಬರಲಿ, ರಿಸೆಪ್ಷನ್ನಿನಿಂದ ಬೇಡ. ಆಯುಷ್ಮಾನ್ ಯೋಜನೆಯ ಪಿಎಂಜೆಎವೈ ಜಾಲತಾಣದಲ್ಲಿ ಆಸ್ಪತ್ರೆ ಹುಡುಕುವಾಗ ಜಿಲ್ಲೆಯ ಜೊತೆ ವಿಭಾಗವನ್ನೂ ಆರಿಸಬಹುದು, ಕಣ್ಣಿನದು ಆಫ್ತಾಲ್ಮಾಲಜಿ ಅಂತ ಇರುತ್ತದೆ. "ಈಗ ಕಟ್ಟಿ, ಸ್ಕೀಮ್ ದುಡ್ಡು ಬಂದಾಗ ವಾಪಸ್ ಕೊಡ್ತೀವಿ" ಅಂದರೆ ಎದ್ದು ಬನ್ನಿ. ಈ ಯೋಜನೆಯಲ್ಲಿ ದುಡ್ಡು ಸರ್ಕಾರದಿಂದ ಆಸ್ಪತ್ರೆಗೆ ಹೋಗುತ್ತದೆ, ನಿಮ್ಮ ಖಾತೆಗೆ ಬರುವ ದಾರಿಯೇ ಇಲ್ಲ. ಯಾವ ಫಾರಂ ಆದರೂ ಡ್ರಾಪ್ಸ್ ಹಾಕುವ ಮೊದಲೇ ಕೊಡಿ ಅನ್ನಿ, ಇಲ್ಲದಿದ್ದರೆ ಮನೆಗೆ ತಂದು ಓದಿ.

ಖಾಸಗಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗಳಿಗೆ ಕಟ್ಟಿದ ದುಡ್ಡಿನ ಬಗ್ಗೆ ಯೋಜನೆಯ ರಾಜ್ಯದ ಸಹಾಯವಾಣಿ 1800 425 8330ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಕೇಂದ್ರದ ನಂಬರು 14555 ಕೂಡ ಇದೆ. ಬಿಲ್ ಕಳಿಸಿ ಅಂದರು. ತೆಗೆದು ನೋಡಿದರೆ ಎಲ್ಲ ಚೀಟಿಯ ಮೇಲೂ "ಜನರಲ್ ಪೇಷಂಟ್" ಅಂತ ಪ್ರಿಂಟಾಗಿದೆ, ಕಾರ್ಡ್ ತೋರಿಸಿದ್ದಕ್ಕೆ ಎಲ್ಲೂ ಗುರುತಿಲ್ಲ. ನೀವು ಹೋದಾಗ ಮೊದಲ ಚೀಟಿಯಲ್ಲೇ ಕಾರ್ಡ್ ನಂಬರ್ ಬರೆಸಿ, ಬರೆಯುವುದಿಲ್ಲ ಅಂದರೆ ಅಲ್ಲಿಂದಲೇ ಆ ನಂಬರಿಗೆ ಫೋನ್ ಮಾಡಿ.